ಕೊಬ್ಬರಿ ಸೀಮೆಯ ಉಪ್ಪುಕಂಡ: ಸಕ್ಕರೆ ಬೇಡ, ಬಿಸಿಲು ಬೇಕು

ಅಡಿಕೆಯನ್ನು ಚಾಲಿ ಮಾಡುವವರಿಗೆ 40ರಿಂದ 45 ದಿನಗಳ ಬಿಸಿಲು ಬೇಕು. ಕಾಫಿ ಹಣ್ಣನ್ನು ಕಣದಲ್ಲಿ ಹರಡಿದವರು ಅದು ಒಣಗುವವರೆಗೂ ಮೋಡದ ಕಡೆಗೆ ಒಂದು ಕಣ್ಣಿಟ್ಟೇ ಇರುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯವರು ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ, ಅದು ಉಂಡೆ ಕೊಬ್ಬರಿಯಾಗಲೆಂದು 8ರಿಂದ 12 ತಿಂಗಳು ಕಾಯುತ್ತಾರೆ. ನೋಡಿದರೆ ನಮ್ಮ ಸದಸ್ಯರ ಬದುಕಿನ ಬಹುಭಾಗ ಬೆಳೆದದ್ದರಿಂದ ನೀರನ್ನು ಹೊರಹಾಕುವ ಕೆಲಸದಲ್ಲಿಯೇ ಕಳೆಯುತ್ತದೆ. ಅದೇ ವಿದ್ಯೆಯ ಇನ್ನೊಂದು ಕವಲು ಉಪ್ಪುಕಂಡ, ಅಂದರೆ ಉಪ್ಪು ಹಚ್ಚಿ ಒಣಗಿಸಿದ ಮಾಂಸ. ಮಾಂಸ ತಿನ್ನದ ಮನೆಯವರು ಮಾಡುವ ಕ್ರಮವನ್ನು ಬಿಟ್ಟು ಮುಂದೆ ಓದಬಹುದು. ಆದರೆ ಕೊನೆಯಲ್ಲಿ ಹೇಳಿರುವ ಹುಳದ ವಿಚಾರವನ್ನು ಮಾತ್ರ ಬಿಡಬಾರದೆಂದು ಕೋರುತ್ತೇವೆ.

ಯುಗಾದಿಯ ಮರುದಿನ ಹೊಸತೊಡಕು. ಅಂದು ನಮ್ಮ ಸೀಮೆಯಲ್ಲಿ ಹಲವು ಮನೆಯವರು ಸೇರಿ ಕುರಿ ಕಡಿದು, ಗುಡ್ಡೆ ಹಾಕಿ ಪಾಲು ಮಾಡಿಕೊಳ್ಳುವುದು ವಾಡಿಕೆ. ಫ್ರಿಜ್ ಇಲ್ಲದ ಕಾಲದಲ್ಲಿ ಉಳಿದ ಪಾಲನ್ನು ಬಿಸಿಲೇ ಕಾಯಬೇಕಾಗಿತ್ತು. ದಾರದಲ್ಲಿ ಪೋಣಿಸಿದ ಬಾಡಿನ ಸರಗಳು ಹಿತ್ತಿಲಿನಲ್ಲಿ ತೂಗುತ್ತಿದ್ದುದನ್ನು ಹಿರಿಯ ಸದಸ್ಯರು ಮರೆತಿರಲಾರರು. ಇಂದು ಮನೆಗಳಲ್ಲಿ ಫ್ರಿಜ್ ಬಂದಿದೆ, ಸರಗಳು ಕಾಣೆಯಾಗಿವೆ. ಕ್ರಮ ಬಲ್ಲ ಅಜ್ಜಿಯಂದಿರೂ ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ.

ಬಾಡಿಗೆ ಬೆಲ್ಲವೇ?

ಹೊರದೇಶದಲ್ಲಿರುವ ನಮ್ಮ ಅಣ್ಣನ ಮಗ ಊರಿಗೆ ಬಂದಾಗ ಟರ್ಕಿ ಕೋಳಿಯ 'ಜರ್ಕಿ' ಎಂಬ ಪೊಟ್ಟಣವೊಂದನ್ನು ತಂದಿದ್ದ. ಸಕ್ಕರೆ ಕಾಯಿಲೆಯಿರುವ ನಮ್ಮ ಅವ್ವ ಒಂದು ಚೂರು ಬಾಯಿಗೆ ಹಾಕಿಕೊಂಡು, "ಇದೇನಪ್ಪಾ, ಬಾಡಿಗೆ ಬೆಲ್ಲ ಹಾಕವ್ರೆ!" ಎಂದರು. ಪೊಟ್ಟಣದ ಹಿಂದಿನ ಪಟ್ಟಿಯನ್ನು ಓದಿಸಿ ನೋಡಿದರೆ ಅವ್ವನ ನಾಲಿಗೆಯೇ ಸರಿ. ಮಾಂಸದ ನಂತರದ ಸ್ಥಾನ ಸಕ್ಕರೆಯದೇ ಆಗಿತ್ತು.

ಜರ್ಕಿ ಎಂಬ ಮಾತು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲಿನ ಕೆಚುವಾ ಭಾಷೆಯ 'ಚಾರ್ಕಿ'ಯಿಂದ ಬಂದದ್ದು. ಹೊರದೇಶಗಳಲ್ಲಿ ಅದನ್ನು ಹೆಚ್ಚಾಗಿ ದನದ ಮಾಂಸದಿಂದ ಮಾಡುತ್ತಾರೆ. ನಮ್ಮ ಹಬ್ಬದ ಉಪ್ಪುಕಂಡ ಕುರಿ, ಮೇಕೆಯದು. ಅಲ್ಲಿನ ಅಂಗಡಿಯ ಸರಕಿಗೆ ಸಕ್ಕರೆ ಸೇರಿಸುವುದು ಉಪ್ಪಿನ ಖಾರತನವನ್ನು ತಗ್ಗಿಸಲು, ತುಂಡು ಮೆತ್ತಗಿರಲು, ಬಣ್ಣ ಬರಲು. ಮಾಂಸವನ್ನು ಕೆಡದಂತೆ ಕಾಯುವುದು ಮುಖ್ಯವಾಗಿ ಉಪ್ಪು ಮತ್ತು ಒಣಗು. ಆದ್ದರಿಂದ ಸಕ್ಕರೆ ಬಿಟ್ಟರೆ ಉಪ್ಪುಕಂಡಕ್ಕೆ ಏನೂ ಕೊರತೆಯಾಗದು. ಜೇನುತುಪ್ಪ, ಬೆಲ್ಲ ಹಾಕಿ "ಸಕ್ಕರೆ ಹಾಕಿಲ್ಲ" ಎನ್ನುವುದು ಮಾತ್ರ ನಮ್ಮನ್ನು ನಾವೇ ವಂಚಿಸಿಕೊಂಡಂತೆ.

ಒಣಗುವುದರ ಒಳಗುಟ್ಟು

ಕೊಬ್ಬಿಲ್ಲದ ಹಸಿ ಮಾಂಸದಲ್ಲಿ ನೂರಕ್ಕೆ ಸುಮಾರು 75 ಪಾಲು ನೀರು. ರೋಗಾಣುಗಳಿಗೂ ಬೂಷ್ಟಿಗೂ ಬೇಕಾದದ್ದು ಈ ನೀರೇ. ಉಪ್ಪು ಒಂದಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಲು ಮಿಕ್ಕದ್ದನ್ನು ಎಳೆಯುತ್ತದೆ. ರೋಗಾಣುವಿನ ಬಳಕೆಗೆ ಸಿಗುವ ನೀರನ್ನು ವಿಜ್ಞಾನಿಗಳು ಸೊನ್ನೆಯಿಂದ ಒಂದರವರೆಗೆ ಅಳೆಯುತ್ತಾರೆ. ಅದು 0.85ಕ್ಕಿಂತ ಕೆಳಗಿಳಿದರೆ ಆಹಾರವನ್ನು ವಿಷವಾಗಿಸುವ ರೋಗಾಣುಗಳು ಬೆಳೆಯಲಾರವು; 0.70ಕ್ಕಿಂತ ಇಳಿದರೆ ಬಹುಪಾಲು ಬೂಷ್ಟೂ ಏಳದು.

ಬೆಳೆಯಲಾರದು ಎಂದರೆ ಸತ್ತಿತು ಎಂದಲ್ಲ. ಮೊದಲೇ ಇದ್ದ ರೋಗಾಣು ಒಣಗಿದ ತುಂಡಿನಲ್ಲಿಯೂ ಜೀವ ಹಿಡಿದುಕೊಂಡಿರಬಲ್ಲದು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1995ರಲ್ಲಿ ಮನೆಯಲ್ಲಿ ಒಣಗಿಸಿದ ಜಿಂಕೆ ಮಾಂಸದಿಂದ 11 ಮಂದಿ ಕಾಯಿಲೆ ಬಿದ್ದರು. ಒಣಗಿಸುವ ಮೊದಲೇ ಮಾಂಸದ ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್‌ಗೆ ಏರಬೇಕೆಂಬುದು ಅಲ್ಲಿನ ಕೃಷಿ ಇಲಾಖೆಯ ಸಲಹೆ. ನಮ್ಮ ಬಯಲುಸೀಮೆಯ ಬಿಸಿಲು ಎಷ್ಟೇ ಚುರುಕಾಗಿದ್ದರೂ ಅಷ್ಟು ಬಿಸಿ ಕೊಡಲಾರದು. ಹಾಗಾಗಿ ಮೊದಲು ಬೇಯಿಸಿ, ಆಮೇಲೆ ಒಣಗಿಸುವ ಕ್ರಮವನ್ನೇ ಇಲ್ಲಿ ಹೇಳಿದ್ದೇವೆ.

ಮಾಡುವ ಕ್ರಮ

ಬೇಕಾದ ಸಾಮಾನು: ಮೂಳೆಯಿಲ್ಲದ ಕುರಿ ಅಥವಾ ಮೇಕೆ ಮಾಂಸ 1 ಕೆ.ಜಿ., ಪುಡಿ ಉಪ್ಪು 40 ಗ್ರಾಂ, ಅರಿಸಿನ 1 ಚಮಚ, ಅಚ್ಚಖಾರದ ಪುಡಿ 2 ಚಮಚ, ಜಜ್ಜಿದ ಬೆಳ್ಳುಳ್ಳಿ ಒಂದು ಗಡ್ಡೆ. ಉಪ್ಪನ್ನು ಅಂದಾಜಿನಲ್ಲಿ ಹಾಕದೆ ತೂಕ ಮಾಡಿಯೇ ಹಾಕಿರಿ.

ಮೊದಲು ಕೊಬ್ಬನ್ನು ಪೂರ್ತಿ ಬಿಡಿಸಿ ತೆಗೆಯಿರಿ. ಕೊಬ್ಬು ಒಣಗುವುದಿಲ್ಲ, ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ಮಾಂಸವನ್ನು ಕಾಲು ಅಂಗುಲ ದಪ್ಪದ ಉದ್ದನೆಯ ಪಟ್ಟಿಗಳಾಗಿ ಕೊಯ್ಯಿರಿ. ದಪ್ಪ ತುಂಡಿನ ಹೊರಮೈ ಬೇಗ ಗಟ್ಟಿಯಾಗಿ, ಒಳಗಿನ ನೀರು ಹೊರಬರಲು ದಾರಿಯಿಲ್ಲದಂತಾಗುತ್ತದೆ. ಕಾಯನ್ನು ಅವಸರದ ಶಾಖಕ್ಕಿಟ್ಟು ಕೊಬ್ಬರಿ ಕೆಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲವನ್ನೂ ಸವರಿ ಒಂದು ಗಂಟೆ ಬಿಡಿರಿ. ಬಳಿಕ ಅಗಲ ಬಾಯಿಯ ಪಾತ್ರೆಗೆ ಹಾಕಿ, ಒಂದು ಸೌಟು ನೀರು ಬಿಟ್ಟು, ಮುಚ್ಚಿ ಬೇಯಿಸಿರಿ. ಮಾಂಸವೇ ನೀರು ಬಿಡುತ್ತದೆ. ಹದಿನೈದು ನಿಮಿಷದ ಮೇಲೆ ಎಲ್ಲಕ್ಕಿಂತ ದಪ್ಪನೆಯ ಪಟ್ಟಿಯನ್ನು ಮುರಿದು ನೋಡಿ, ಒಳಗೆ ಕೆಂಪು ಉಳಿದಿರಬಾರದು. ಆಮೇಲೆ ಮುಚ್ಚಳ ತೆಗೆದು ನೀರು ಇಂಗುವವರೆಗೆ ಮಗುಚಿರಿ. ನೀರನ್ನು ಬಸಿದು ಚೆಲ್ಲಿದರೆ ಉಪ್ಪೂ ಅದರೊಡನೆ ಹೋಗುತ್ತದೆ.

ಆರಿದ ಪಟ್ಟಿಗಳನ್ನು ದಬ್ಬಳದಿಂದ ಗಟ್ಟಿ ದಾರಕ್ಕೆ ಪೋಣಿಸಿ, ಒಂದಕ್ಕೊಂದು ತಾಗದಂತೆ ಗಾಳಿಯಾಡುವ ಬಿಸಿಲಿಗೆ ಕಟ್ಟಿರಿ. ನೊಣ, ಕಾಗೆ, ಬೆಕ್ಕಿನ ಕಾಟಕ್ಕೆ ಸುತ್ತಲೂ ಸೊಳ್ಳೆಪರದೆ ಇಳಿಬಿಡಿರಿ. ಇಬ್ಬನಿ ಬೀಳುವ ಮುನ್ನ ಒಳಗೆ ತಂದು ರಾತ್ರಿ ಒಲೆಯ ಮೇಲೆ ಹೊಗೆ ತಾಗುವಂತೆ ತೂಗುಹಾಕಿರಿ. ಯುಗಾದಿಯ ಆಸುಪಾಸಿನ ಬಿಸಿಲಿಗೆ ಮೂರು ನಾಲ್ಕು ದಿನ ಸಾಕು. ನಡುವೆ ಮೋಡ ಕವಿದರೆ ಆಸೆ ಬಿಟ್ಟು ಅಂದೇ ಸಾರು ಮಾಡಿ ಮುಗಿಸಿರಿ.

ಒಣಗಿತೇ ಎಂದು ತಿಳಿಯಲು ಎರಡು ಪರೀಕ್ಷೆ. ಪಟ್ಟಿ ಬಾಗದೆ ಕಡ್ಡಿಯಂತೆ ಮುರಿಯಬೇಕು. ತಕ್ಕಡಿಯಲ್ಲಿ 1 ಕೆ.ಜಿ. ಮಾಂಸ 350 ಗ್ರಾಂ ಆಸುಪಾಸಿಗೆ ಇಳಿದಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಇನ್ನೊಂದು ಬಿಸಿಲು ಬೇಕೆಂದೇ ತಿಳಿಯಿರಿ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಗಾಜಿನ ಜಾಡಿಗೆ ತುಂಬಿ, ಹದಿನೈದು ದಿನಕ್ಕೊಮ್ಮೆ ಬಿಸಿಲು ಕಾಣಿಸಿರಿ. ಬೂಷ್ಟು ಕಂಡರೆ ಒರೆಸಿ ತಿನ್ನುವ ಜಿಪುಣತನ ಬೇಡ, ಎಸೆಯಿರಿ.

ಬೇಕೆಂದಾಗ ಬಿಸಿನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ, ಜಜ್ಜಿ ಹುರಿಯಬಹುದು. ಹುರುಳಿಕಾಳಿನ ಸಾರಿಗೂ ಹಾಕಬಹುದು. ರಾಗಿ ಮುದ್ದೆಗೆ ಇದಕ್ಕಿಂತ ಒಳ್ಳೆಯ ಜೊತೆ ನಮಗೆ ತಿಳಿಯದು. ಸಕ್ಕರೆಯಿಲ್ಲವೆಂದು ಸಕ್ಕರೆ ಕಾಯಿಲೆಯವರು ಮನಸೋ ಇಚ್ಛೆ ತಿನ್ನುವಂತಿಲ್ಲ. ಇದರಲ್ಲಿ ಉಪ್ಪು ಹೆಚ್ಚು. ರಕ್ತದ ಒತ್ತಡ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಮುಟ್ಟಬೇಕು.

ಅಟ್ಟದ ಎಚ್ಚರಿಕೆ

ಈಗ ಹುಳದ ವಿಚಾರ. ಇದು ನಮ್ಮ ಮನೆಯಲ್ಲಿಯೇ ನಡೆದದ್ದು. ಒಂದು ವರ್ಷ ಹೊಸತೊಡಕಿನ ಮೂರನೆಯ ಸಂಜೆ ಮೋಡ ಕಟ್ಟಿತು. ಒಣಗಿತೆಂದು ನಮಗೆ ನಾವೇ ಹೇಳಿಕೊಂಡು ಉಪ್ಪುಕಂಡವನ್ನು ಬಿದಿರ ಬುಟ್ಟಿಗೆ ತುಂಬಿ, ಕೊಬ್ಬರಿ ಚೀಲಗಳಿದ್ದ ಕೋಣೆಯಲ್ಲಿ ತೂಗುಹಾಕಿದೆವು. ಕಾಯಿ ಸುಲಿದು, ಕರಟ ಒಡೆದು, ಒಳ್ಳೆಯ ಧಾರಣೆಗೆಂದು ಕಾದಿಟ್ಟ ಕೊಬ್ಬರಿ ಅದು. ಬೋರ್‌ವೆಲ್ ಮೋಟಾರಿನ ರಿಪೇರಿ ಅದರ ಮೇಲೆಯೇ ನಿಂತಿತ್ತು.

ಒಂದೂವರೆ ತಿಂಗಳ ಮೇಲೆ ಬುಟ್ಟಿ ಇಳಿಸಿದರೆ ಮಿರಮಿರ ಹೊಳೆಯುವ ನೀಲಿ ಹುಳಗಳು ಹರಿದಾಡುತ್ತಿದ್ದವು. ಅನುಮಾನ ಬಂದು ಚೀಲ ಬಿಚ್ಚಿದೆವು. ಗಿಟುಕುಗಳಲ್ಲಿ ತೂತು, ಚೀಲದ ತಳದಲ್ಲಿ ಪುಡಿ. ಮಾರುಕಟ್ಟೆಯಲ್ಲಿ ಆ ಚೀಲಗಳಿಗೆ ಸಿಕ್ಕಿದ್ದು ಎಣ್ಣೆ ಕೊಬ್ಬರಿಯ ಬೆಲೆ. ಮೋಟಾರು ಆ ಬೇಸಗೆ ಕೆಟ್ಟೇ ನಿಂತಿತು, ಎಳೆಯ ಅಡಿಕೆ ಗಿಡಗಳು ಒಂದಷ್ಟು ಒಣಗಿದವು. ಅವ್ವ ಹೇಳಿದ್ದು ಇಷ್ಟೇ: "ಬಾಡೂ ಕೊಬ್ಬರೀನೂ ಒಂದೇ ಕೋಣೇಲಿ ಇಡ್ಬ್ಯಾಡಿ ಅಂತ ನಾನು ಹೇಳಿರ್ಲಿಲ್ವೇನಪ್ಪಾ?" ಹೇಳಿದ್ದರು. ಅದನ್ನು ಮುದುಕರ ಮಡಿಮೈಲಿಗೆಯ ಮಾತೆಂದು ನಾವು ತಳ್ಳಿಹಾಕಿದ್ದೆವು.

ಆ ಹುಳದ ಶಾಸ್ತ್ರೀಯ ಹೆಸರು ನೆಕ್ರೋಬಿಯಾ ರೂಫಿಪಿಸ್. ಕಾಲು ಕೆಂಪು, ಮೈ ನೀಲಿಹಸಿರು, ಉದ್ದ ಸುಮಾರು ಅರ್ಧ ಸೆಂಟಿಮೀಟರ್. ಇಂಗ್ಲಿಷಿನವರು ಇದನ್ನು ಒಣಮಾಂಸದ ಹುಳ ಎಂದೂ ಕರೆಯುತ್ತಾರೆ, ಕೊಬ್ಬರಿ ಹುಳ ಎಂದೂ ಕರೆಯುತ್ತಾರೆ. ಎರಡೂ ಒಂದೇ ಹುಳ. ಒಣಮಾಂಸ, ಒಣಮೀನು, ಕೊಬ್ಬರಿ ಇವೆಲ್ಲ ಅದಕ್ಕೆ ಒಂದೇ ಪಂಕ್ತಿಯ ಊಟ. ಅವ್ವನ ಮಾತಿನಲ್ಲಿ ಮಡಿಯೂ ಇರಲಿಲ್ಲ, ಮೈಲಿಗೆಯೂ ಇರಲಿಲ್ಲ. ಹುಳದ ಗುಣವನ್ನು ಕಣ್ಣಾರೆ ಕಂಡವರ ಲೆಕ್ಕಾಚಾರವಿತ್ತು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ: ಉಪ್ಪುಕಂಡವನ್ನಾಗಲಿ ಒಣಮೀನನ್ನಾಗಲಿ ಕೊಬ್ಬರಿಯ ಅಟ್ಟದಲ್ಲಿ, ಕೋಣೆಯಲ್ಲಿ ಇಡಬೇಡಿ. ಬಿದಿರ ಬುಟ್ಟಿ ಬಿಟ್ಟು ಬಿಗಿ ಜಾಡಿ ಬಳಸಿ. ಕಾಫಿ ಬೆಳೆಗಾರರು ಬೀಜವಿರುವ ಗೋದಾಮಿನಿಂದಲೂ ಅದನ್ನು ದೂರವಿಡಬೇಕು. ಕಾಫಿ ಅಕ್ಕಪಕ್ಕದ ವಾಸನೆಯನ್ನು ಬೇಗ ಹೀರುತ್ತದೆ. ಸುಲಿದ ಕೊಬ್ಬರಿಯನ್ನು ಧಾರಣೆಗೆಂದು ತಡೆದಿಟ್ಟವರು ವಾರಕ್ಕೊಮ್ಮೆ ಚೀಲದ ತಳ ತಡವಿ ನೋಡಿರಿ.

ನಿಮ್ಮ ಮನೆಯ ಹಿರಿಯರು ಒಣಗಿಸುವ, ಕಾಪಿಡುವ ವಿಚಾರವಾಗಿ ಹೇಳುತ್ತಿದ್ದ ಮಾತುಗಳಿದ್ದರೆ ಪತ್ರಿಕೆಗೆ ಬರೆದು ಕಳುಹಿಸಿ. ಕಾರಣ ತಿಳಿಯದಿದ್ದರೂ ಚಿಂತೆಯಿಲ್ಲ. ನಮ್ಮ ಅವ್ವನಿಗೂ ಆ ಹುಳದ ಹೆಸರು ತಿಳಿದಿರಲಿಲ್ಲ.