ಅಜ್ಜನ ಹಾರ್ಮೋನಿಯಂ ರೆಕಾರ್ಡ್ ಮಾಡೋಕೆ ಯಾವ ಮೈಕ್ ತಗೋಬೇಕು?

'ಹತ್ತು ಸಾವಿರದೊಳಗೆ ಒಳ್ಳೆ ಮೈಕ್ ಯಾವುದು ಗುರೂ?' ನಮ್ಮ ಆಫೀಸ್ ಗ್ರೂಪ್‌ನಲ್ಲಿ ಈ ಪ್ರಶ್ನೆ ತಿಂಗಳಿಗೊಂದು ಸಲವಾದ್ರೂ ಬರುತ್ತೆ. ಕೇಳೋರೆಲ್ಲ ಪಾಡ್‌ಕಾಸ್ಟ್ ಮಾಡೋರೇ ಅಲ್ಲ. ಒಬ್ಬರ ಮನೆಯಲ್ಲಿ ವೀಣೆ ಇದೆ, ಇನ್ನೊಬ್ಬರ ತಂಗಿ ಕೊಳಲು ಕಲೀತಿದ್ದಾಳೆ, ಮತ್ತೊಬ್ಬರ ಊರಲ್ಲಿ ಅಜ್ಜ ಇವತ್ತಿಗೂ ಭಜನೆಗೆ ಹಾರ್ಮೋನಿಯಂ ಹಿಡಿದು ಕೂರ್ತಾರೆ. ಇವರಿಗೆಲ್ಲ ಅಂಗಡಿಯವರು ಕೊಡೋದು ಒಂದೇ ಉತ್ತರ: 'ಇದು ತಗೊಳ್ಳಿ ಸರ್, ಬೆಸ್ಟ್ ಸೆಲ್ಲರ್.'

ನಮ್ಮೂರು ಭೀಮಸಮುದ್ರ. ಚಿತ್ರದುರ್ಗ ತಾಲ್ಲೂಕಿನವರಿಗೆ ಅಡಿಕೆ ವ್ಯಾಪಾರ, ದೊಡ್ಡ ಕೆರೆ ಅಂದ್ರೆ ನೆನಪಾಗೋ ಊರು. ಇಲ್ಲಿ, ಹತ್ತಿರದ ಸಿರಿಗೆರೆಯಲ್ಲಿ, ಆ ಕಡೆ ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳಲ್ಲಿ ಭಜನೆ, ವಚನ ಗಾಯನ, ಸೋಬಾನೆ, ತಮಟೆ, ಉರುಮೆ ಇನ್ನೂ ಕೇಳಿಸುತ್ತೆ. ಆದ್ರೆ ನುಡಿಸೋರ ವಯಸ್ಸು ನೋಡಿ. ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದ ತಲೆಮಾರು ಎಪ್ಪತ್ತು ದಾಟಿದೆ. ಸ್ಟುಡಿಯೋಗೆ ಕರ್ಕೊಂಡು ಹೋಗೋಣ ಅಂದ್ರೆ ಅವರು ಬರೋದಿಲ್ಲ. ಬಂದ್ರೂ ಗಾಜಿನ ಕೋಣೆಯಲ್ಲಿ ಕೂತು ಜಗಲಿಯಲ್ಲಿ ಹಾಡಿದ ಹಾಗೆ ಹಾಡೋದಿಲ್ಲ. ಹಾಗಾಗಿ ಮೈಕೇ ಅವರ ಹತ್ತಿರ ಹೋಗಬೇಕು.

ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲ ಸಮುದಾಯದ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಆದ್ರೆ ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರು ಅವರಂಥ ವಿದ್ವಾಂಸರು ಹಟ್ಟಿಗೆ ಹೋಗಿ ಕೂತು ಕೇಳಿದ್ದರಿಂದ ಆ ಹಾಡುಗಳು ನಾಡಿಗೆ ಗೊತ್ತಾದವು. ಪ್ರತಿ ಊರಿಗೂ ವಿದ್ವಾಂಸರು ಬರೋದಿಲ್ಲ. ವೀಕೆಂಡ್‌ಗೆ ಊರಿಗೆ ಹೋಗೋ ನಾವು ಒಂದು ಬ್ಯಾಗ್‌ನಲ್ಲಿ ಮೈಕ್ ಒಯ್ಯಬಹುದು, ಅಷ್ಟೇ.

ಫೋನ್ ಸಾಕಲ್ವಾ?

ನೆನಪಿಗೆ ಅಂದ್ರೆ ಸಾಕು. ಏನೂ ಇಲ್ಲದಿರೋದಕ್ಕಿಂತ ಫೋನ್ ರೆಕಾರ್ಡಿಂಗ್ ಸಾವಿರ ಪಾಲು ಮೇಲು. ಆದ್ರೆ ಫೋನಿನ ಮೈಕ್, ಅದರ ಹಿಂದಿನ ಸಾಫ್ಟ್‌ವೇರ್ ಎರಡನ್ನೂ ಮುಖ್ಯವಾಗಿ ಮಾತಿಗಾಗಿ ಟ್ಯೂನ್ ಮಾಡಿರ್ತಾರೆ. ಒಂದೇ ಸಮ ಬರೋ ಸದ್ದನ್ನು ನಾಯ್ಸ್ ಕ್ಯಾನ್ಸಲೇಶನ್ ಅಲ್ಗಾರಿದಂ 'ಗಲಾಟೆ' ಅಂದುಕೊಂಡು ಕತ್ತರಿಸುತ್ತೆ. ತಂಬೂರಿಯ ಶ್ರುತಿ, ಹಾರ್ಮೋನಿಯಂನ ಎಳೆದ ಸ್ವರ ಅದಕ್ಕೆ ಫ್ಯಾನ್ ಸದ್ದಿನ ಹಾಗೇ ಕಾಣೋದು. ಇನ್ನು ಆಟೋ ಗೇನ್ ಇದ್ರೆ ತಮಟೆ ಜೋರಾದಾಗ ಲೆವೆಲ್ ಇಳಿದು, ನಿಂತಾಗ ಏರುತ್ತೆ. ಕೇಳೋಕೆ ಯಾರೋ ವಾಲ್ಯೂಮ್ ತಿರುಗಿಸುತ್ತಾ ಕೂತ ಹಾಗಿರುತ್ತೆ. ವಾಟ್ಸಾಪ್ ವಾಯ್ಸ್ ನೋಟ್ ಅಂತೂ ಬೇಡ. ಅದು ಫೈಲ್ ಚಿಕ್ಕದಾಗಲಿ ಅಂತ ಸದ್ದನ್ನು ಹಿಂಡಿಬಿಡುತ್ತೆ.

ಡೈನಮಿಕ್ ಅಥವಾ ಕಂಡೆನ್ಸರ್: ವಾದ್ಯ ನೋಡಿ ಹೇಳಿ

ಮೈಕ್‌ಗಳಲ್ಲಿ ನಮ್ಮ ಬಜೆಟ್‌ಗೆ ಬರೋವು ಮುಖ್ಯವಾಗಿ ಎರಡು ಜಾತಿ.

ಡೈನಮಿಕ್ ಮೈಕ್‌ನಲ್ಲಿ ಒಂದು ತೆಳು ಪರದೆಗೆ ತಂತಿ ಸುರುಳಿ ಅಂಟಿಸಿರ್ತಾರೆ. ಸದ್ದು ಬಡಿದಾಗ ಸುರುಳಿ ಅಯಸ್ಕಾಂತದ ನಡುವೆ ಅಲುಗಾಡಿ ಕರೆಂಟ್ ಹುಟ್ಟಿಸುತ್ತೆ. ಗಟ್ಟಿಮುಟ್ಟು, ಹೊರಗಿನ ಪವರ್ ಬೇಡ, ಜೋರು ಸದ್ದಿಗೆ ಹೆದರೋಲ್ಲ. ಆದ್ರೆ ಸುರುಳಿಯ ತೂಕದಿಂದಾಗಿ ಸೂಕ್ಷ್ಮ ಸದ್ದಿಗೆ ಸ್ವಲ್ಪ ಮಂದ. 1965ರಲ್ಲಿ ಬಂದ ಶೂರ್ ಎಸ್‌ಎಂ57 ಇವತ್ತಿಗೂ ಸ್ಟುಡಿಯೋಗಳಲ್ಲಿ ಇದೆ. ತಮಟೆ, ಡೊಳ್ಳು, ಉರುಮೆಗೆ ಇದು ಹೇಳಿ ಮಾಡಿಸಿದ್ದು.

ಕಂಡೆನ್ಸರ್ ಮೈಕ್‌ನಲ್ಲಿ ಸುರುಳಿ ಇಲ್ಲ. ಹಗುರವಾದ ಪರದೆ, ಅದರ ಹಿಂದೆ ಒಂದು ಲೋಹದ ತಟ್ಟೆ. ಎರಡರ ನಡುವಿನ ಅಂತರ ಬದಲಾದ ಹಾಗೆ ಸಿಗ್ನಲ್ ಬರುತ್ತೆ. ವೀಣೆಯ ತಂತಿ ಮೀಟಿದಾಗಿನ ಮೊದಲ ಕ್ಷಣ, ಕೊಳಲಿನ ಉಸಿರು, ತಬಲಾದ ಕಿನಾರೆಯ ಟಣ್ ಎಲ್ಲವನ್ನೂ ಹಿಡಿಯುತ್ತೆ. ಇದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಅದು ಆಡಿಯೋ ಇಂಟರ್‌ಫೇಸ್‌ನಿಂದ ಅದೇ ಕೇಬಲ್‌ನಲ್ಲಿ ಬರುತ್ತೆ.

ಸೂತ್ರ ಸರಳ. ಕೊಳಲು, ವೀಣೆ, ಪಿಟೀಲು, ಹಾರ್ಮೋನಿಯಂ, ಏಕತಾರಿ, ಹಾಡು: ಕಂಡೆನ್ಸರ್. ಚರ್ಮವಾದ್ಯ ಹತ್ತಿರದಿಂದ: ಡೈನಮಿಕ್. ಒಂದೇ ಮೈಕ್ ಕೊಳ್ಳೋದಾದ್ರೆ ಕಂಡೆನ್ಸರ್ ತಗೊಳ್ಳಿ. ತಮಟೆ ಬಂದಾಗ ಅದನ್ನೇ ದೂರ ಇಡಬಹುದು.

ಡಬ್ಬದ ಮೇಲಿನ ಎರಡೇ ಎರಡು ನಂಬರ್

ಸ್ಪೆಸಿಫಿಕೇಶನ್ ಪಟ್ಟಿ ಉದ್ದ ಇರುತ್ತೆ. ನೋಡಬೇಕಾದ್ದು ಎರಡೇ.

ಮೊದಲನೇದು, ಮೈಕ್ ತಾನೇ ಮಾಡೋ ಸದ್ದು, ಅಂದ್ರೆ ಸೆಲ್ಫ್ ನಾಯ್ಸ್. ಕಡಿಮೆ ಇದ್ದಷ್ಟೂ ಒಳ್ಳೇದು. ಜನಪ್ರಿಯ ಆಡಿಯೋ ಟೆಕ್ನಿಕಾ ಎಟಿ2020ಗೆ ಇದು 20 ಡೆಸಿಬೆಲ್. ರೋಡ್ ಕಂಪನಿಯ ಎನ್‌ಟಿ1 ಐದನೇ ತಲೆಮಾರಿಗೆ ಬರೀ 4. ಕೆಲವರು ಇದರ ಬದಲು ಸಿಗ್ನಲ್ ಟು ನಾಯ್ಸ್ ಅಂತ ಬರೀತಾರೆ. 94ರಿಂದ ಅದನ್ನು ಕಳೆದ್ರೆ ಸೆಲ್ಫ್ ನಾಯ್ಸ್ ಸಿಗುತ್ತೆ. ಎಟಿ2020ಗೆ 74 ಅಂತ ಇರುತ್ತೆ, 94ರಲ್ಲಿ 74 ಹೋದ್ರೆ 20. ಲೆಕ್ಕ ಸರಿಹೋಯ್ತಲ್ಲ?

ಎರಡನೇದು, ಮೈಕ್ ತಡೆಯೋ ಗರಿಷ್ಠ ಸದ್ದು. ಇದು 130 ಡೆಸಿಬೆಲ್ ದಾಟಿದ್ರೆ ತಮಟೆಗೂ ಧೈರ್ಯವಾಗಿ ಇಡಬಹುದು. ಎಟಿ2020ಗೆ 144 ಇದೆ, ಧಾರಾಳ ಆಯ್ತು.

ಈಗ ದುಡ್ಡು ಉಳಿಸೋ ವಿಷಯ. 4 ಎಲ್ಲಿ, 20 ಎಲ್ಲಿ ಅಂತ ದುಬಾರಿ ಮೈಕ್‌ಗೆ ಓಡಬೇಡಿ. ಫ್ಯಾನ್, ಫ್ರಿಜ್ ಓಡ್ತಿರೋ ಸಾಮಾನ್ಯ ಮನೆಯ ಸದ್ದು 30 ಡೆಸಿಬೆಲ್‌ಗಿಂತ ಮೇಲೇ ಇರುತ್ತೆ. ಅಲ್ಲಿ 20 ಡೆಸಿಬೆಲ್‌ನ ಮೈಕ್ ಸದ್ದು ಕೇಳಿಸೋದೇ ಇಲ್ಲ, ಕೋಣೆಯ ಸದ್ದೇ ಅದನ್ನು ಮುಚ್ಚಿಬಿಡುತ್ತೆ. ಮನೆ ನಿಜವಾಗಲೂ ನಿಶ್ಶಬ್ದ ಇದ್ದು, ವಾದ್ಯ ತುಂಬಾ ಮೆದುವಾಗಿದ್ರೆ ಮಾತ್ರ ಆ ಹೆಚ್ಚಿನ ದುಡ್ಡಿಗೆ ಬೆಲೆ.

ಇನ್ನೊಂದು ಕಡೆ, ದೂರ ಅರ್ಧ ಮಾಡಿದ್ರೆ ವಾದ್ಯದ ಸದ್ದು ಸುಮಾರು 6 ಡೆಸಿಬೆಲ್ ಏರುತ್ತೆ, ಕೋಣೆಯ ಸದ್ದು ಇದ್ದಲ್ಲೇ ಇರುತ್ತೆ. ನಾಲ್ಕು ಅಡಿಯಿಂದ ಎರಡು ಅಡಿಗೆ ಬನ್ನಿ, 6. ಒಂದು ಅಡಿಗೆ ಬನ್ನಿ, 12. ಇದಕ್ಕೆ ಖರ್ಚು ಸೊನ್ನೆ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಗ್ರಾಮೊಫೋನ್‌ಗೆ ಹಾಡಿದಾಗ ಮೈಕೇ ಇರಲಿಲ್ಲ, ಇದ್ದದ್ದು ಒಂದು ತುತ್ತೂರಿ. ಅದರ ಬಾಯಿಗೆ ಹತ್ತಿರ ನಿಂತು ಹಾಡಬೇಕಿತ್ತು. ಆ ಪಾಠ ಈಗಲೂ ಬದಲಾಗಿಲ್ಲ.

ಬಜೆಟ್ ಪ್ರಕಾರ ಏನು ಕೊಳ್ಳೋದು?

ಬೆಲೆ ಆಫರ್‌ಗೆ ತಕ್ಕ ಹಾಗೆ ಏರಿಳಿಯುತ್ತೆ. ಹಾಗಾಗಿ ಪೈಸೆ ಲೆಕ್ಕ ಬಿಟ್ಟು ಆಯ್ಕೆಯ ದಾರಿ ಹೇಳ್ತೀನಿ.

ಕೇಬಲ್ ಗೋಜೇ ಬೇಡ ಅನ್ನೋರಿಗೆ: ಜೂಮ್ ಎಚ್1ಎಸೆನ್ಶಿಯಲ್ ಥರದ ಕೈಯಲ್ಲಿ ಹಿಡಿಯೋ ರೆಕಾರ್ಡರ್. ಬ್ಯಾಟರಿಯಲ್ಲಿ ಓಡುತ್ತೆ, ಎರಡು ಮೈಕ್ ಒಳಗೇ ಇದೆ. 32-ಬಿಟ್ ಫ್ಲೋಟ್ ಇರೋದರಿಂದ ಲೆವೆಲ್ ಸೆಟ್ ಮಾಡೋ ತಲೆನೋವಿಲ್ಲ. ಕರೆಂಟ್ ಹೋದ್ರೂ ಭಜನೆ ನಿಲ್ಲೋಲ್ಲ, ರೆಕಾರ್ಡಿಂಗೂ ನಿಲ್ಲೋಲ್ಲ. ಜಾತ್ರೆ, ಮೆರವಣಿಗೆಗೆ ಇದೇ ಸರಿ.

ಒಬ್ಬರೇ ನುಡಿಸೋದನ್ನು ಚೆನ್ನಾಗಿ ಹಿಡೀಬೇಕು ಅನ್ನೋರಿಗೆ: ಎಟಿ2020 ಥರದ ಒಂದು ಕಂಡೆನ್ಸರ್, ಜೊತೆಗೆ ಎರಡು ಇನ್‌ಪುಟ್ ಇರೋ ಇಂಟರ್‌ಫೇಸ್. ಬೆರಿಂಗರ್ ಯುಎಂಸಿ202ಎಚ್‌ಡಿ ಅಥವಾ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2. ಒಂದೇ ಇನ್‌ಪುಟ್‌ನದ್ದು ಅಗ್ಗ ನಿಜ, ಆದ್ರೆ ನಾಳೆ ಹಾಡೋರೂ ನುಡಿಸೋರೂ ಒಟ್ಟಿಗೆ ಕೂತಾಗ ಮತ್ತೆ ಖರ್ಚು.

ಸ್ಟೀರಿಯೋ ಬೇಕು ಅನ್ನೋರಿಗೆ: ಬೆರಿಂಗರ್ ಸಿ-2 ಥರದ ಸಣ್ಣ ಕಂಡೆನ್ಸರ್ ಜೋಡಿ. ಭಜನಾ ಮಂಡಳಿ ಅರ್ಧ ಚಂದ್ರಾಕಾರ ಕೂತಾಗ ಎದುರಿಗೆ ಇಟ್ಟರೆ ತಾಳ ಎಡಕ್ಕೆ, ತಬಲಾ ಬಲಕ್ಕೆ ಸ್ಪಷ್ಟವಾಗಿ ಕೇಳುತ್ತೆ.

ಯುಎಸ್‌ಬಿ ಮೈಕ್ ಬಗ್ಗೆ ಎಲ್ಲರೂ ಕೇಳ್ತಾರೆ. ಸುಲಭ ಹೌದು, ಆದ್ರೆ ಬರೀ ಯುಎಸ್‌ಬಿ ಇರೋದನ್ನು ಮುಂದೆ ಒಳ್ಳೆ ಇಂಟರ್‌ಫೇಸ್‌ಗೆ ಜೋಡಿಸೋಕಾಗಲ್ಲ. ಎಕ್ಸ್‌ಎಲ್‌ಆರ್ ಕೂಡ ಇದ್ರೆ ಮಾತ್ರ ಯೋಚಿಸಿ. ಎನ್‌ಟಿ1 ಐದನೇ ತಲೆಮಾರಿನಲ್ಲಿ ಎರಡೂ ಇದೆ.

ಸ್ಟ್ಯಾಂಡ್, ಕೇಬಲ್‌ಗೆ ದುಡ್ಡು ಎತ್ತಿಡೋದನ್ನು ಮರೀಬೇಡಿ. ನೆಲದಲ್ಲಿ ಕೂತು ನುಡಿಸೋರಿಗೆ ಬೂಮ್ ತೋಳು ಇರೋ ಗಿಡ್ಡ ಸ್ಟ್ಯಾಂಡ್ ಬೇಕು. ಫೋನ್‌ಗೆ ಇಂಟರ್‌ಫೇಸ್ ಹಾಕೋದಾದ್ರೆ ಪವರ್ ಕೊಡೋ ಯುಎಸ್‌ಬಿ ಹಬ್ ಇಟ್ಟುಕೊಳ್ಳಿ, ಫ್ಯಾಂಟಮ್ ಪವರ್ ಹೊರೋಕೆ ಎಷ್ಟೋ ಫೋನ್‌ಗಳಿಗೆ ಶಕ್ತಿ ಸಾಲೋಲ್ಲ. ಎಸ್‌ಎಂ57ಗೆ ನಕಲಿ ಹಾವಳಿ ಇದೆ, ಅಧಿಕೃತ ಡೀಲರ್ ಹತ್ತಿರವೇ ಕೊಳ್ಳಿ.

ಎಲ್ಲಿ ಇಡೋದು?

ಹಾರ್ಮೋನಿಯಂ: ಸದ್ದು ಮೇಲ್ಭಾಗದಿಂದ ಬರುತ್ತೆ, ತಿದಿಯ ಉಸಿರು ಹಿಂದಿನಿಂದ. ಮೈಕನ್ನು ಎದುರಿಗೆ ಎರಡು ಅಡಿ ದೂರ, ಸ್ವಲ್ಪ ಎತ್ತರದಿಂದ ಕೆಳಗೆ ಬಾಗಿಸಿ.

ಕೊಳಲು: ಊದೋ ರಂಧ್ರದ ನೇರಕ್ಕೆ ಬೇಡ, ಗಾಳಿ ಬಡಿಯುತ್ತೆ. ಒಂದೂವರೆ ಅಡಿ ಮೇಲಿನಿಂದ, ಬೆರಳುಗಳ ಕಡೆ ತಿರುಗಿಸಿ.

ವೀಣೆ: ಕೊಡ ಮತ್ತು ಕುದುರೆಯ ಕಡೆಗೆ, ಒಂದರಿಂದ ಒಂದೂವರೆ ಅಡಿ.

ತಬಲಾ: ಎರಡರ ನಡುವೆ, ಒಂದೂವರೆ ಅಡಿ ಮೇಲೆ.

ತಮಟೆ: ಮೂರು ಅಡಿಯಾದ್ರೂ ದೂರ, ಚರ್ಮಕ್ಕೆ ನೇರವಾಗಿ ಅಲ್ಲ, ಸ್ವಲ್ಪ ಪಕ್ಕಕ್ಕೆ.

ಉರುಮೆ: ಒಂದು ಮುಖವನ್ನು ಕೋಲಿನಿಂದ ಉಜ್ಜಿ ಆ ಗುಂಯ್‌ಗುಡುವ ನಾದ ಹೊರಡಿಸ್ತಾರೆ. ಮೈಕ್ ಆ ಮುಖದ ಕಡೆ ಇರಲಿ, ಬಡಿಯೋ ಮುಖ ತಾನಾಗೇ ಕೇಳುತ್ತೆ.

ಎರಡು ಮೈಕ್ ಬಳಸಿದ್ರೆ ಮೂರಕ್ಕೊಂದು ನಿಯಮ ನೆನಪಿಡಿ. ಮೈಕ್‌ನಿಂದ ವಾದ್ಯಕ್ಕೆ ಒಂದು ಅಡಿ ಇದ್ರೆ, ಮೈಕ್‌ಗಳ ನಡುವೆ ಮೂರು ಅಡಿ ಇರಲಿ. ಇಲ್ಲದಿದ್ರೆ ಒಂದೇ ಸದ್ದು ಎರಡರಲ್ಲೂ ಹಿಂದೆ ಮುಂದೆ ಬಂದು ಟೊಳ್ಳಾಗಿ ಕೇಳುತ್ತೆ.

ಕೋಣೆ ಮತ್ತು ಸಮಯ

ಟೈಲ್ಸ್ ಹಾಕಿದ ಹೊಸ ಹಾಲ್‌ಗಿಂತ ಹಳೇ ಜಂತಿ ಮನೆಯ ಪಡಸಾಲೆ ಎಷ್ಟೋ ವಾಸಿ. ಗೋಡೆಗೆ ಕಂಬಳಿ ತೂಗುಹಾಕಿ, ನೆಲಕ್ಕೆ ಜಮಖಾನ ಹಾಸಿ. ನಮ್ಮ ಕಡೆ ಅಡಿಕೆ ಮೂಟೆ ಜೋಡಿಸಿದ ಕೋಣೆಯಿದ್ರೆ ಇನ್ನೂ ಅನುಕೂಲ. ಉಬ್ಬುತಗ್ಗಿನ ಮೂಟೆಗಳು ಸದ್ದನ್ನು ಚದುರಿಸುತ್ತವೆ, ಬೋಳು ಗೋಡೆಯ ಹಾಗೆ ಪ್ರತಿಧ್ವನಿ ಬರೋಲ್ಲ.

ಅಡಿಕೆ ಸುಲಿಯೋ ಸೀಸನ್‌ನಲ್ಲಿ ಮೆಷಿನ್ ಸದ್ದು ಇಡೀ ದಿನ. ಬೋರ್‌ವೆಲ್ ಮೋಟಾರು, ಲಾರಿ ಬೇರೆ. ರಾತ್ರಿ ಊಟದ ನಂತರ ಅಥವಾ ಬೆಳಗಿನ ಜಾವ ಕೂರಿ. ಫ್ಯಾನ್, ಫ್ರಿಜ್ ಆಫ್ ಮಾಡಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದುಬಿಡಿ, ಎಷ್ಟೋ ಸಲ ಗುಂಯ್ ಅನ್ನೋ ಹಮ್ ಅಲ್ಲಿಂದಲೇ ಬರೋದು.

48 ಕಿಲೋಹರ್ಟ್ಸ್, 24-ಬಿಟ್ ಇಡಿ. ಅತಿ ಜೋರು ಸದ್ದು ಮೈನಸ್ 10 ಡೆಸಿಬೆಲ್ ದಾಟದ ಹಾಗೆ ಗೇನ್ ಇರಲಿ. ಹಿರಿಯರು ಒಮ್ಮೆ ಉತ್ಸಾಹ ಬಂದ್ರೆ ಟೆಸ್ಟ್‌ನಲ್ಲಿ ನುಡಿಸಿದ್ದಕ್ಕಿಂತ ಜೋರಾಗೇ ನುಡಿಸ್ತಾರೆ. ಸ್ಟೀರಿಯೋದಲ್ಲಿ ಒಂದು ಗಂಟೆಗೆ ಸುಮಾರು 1 ಜಿಬಿ ಆಗುತ್ತೆ, ಎರಡು ಕಡೆ ಕಾಪಿ ಇಟ್ಟುಕೊಳ್ಳೋಕೆ ಇದೇನೂ ಹೆಚ್ಚಲ್ಲ.

ರೆಕಾರ್ಡ್ ಒತ್ತಿದ ಮೇಲೆ ಮೊದಲು ಊರು, ತಾರೀಖು, ನುಡಿಸೋರ ಹೆಸರು, ಹಾಡು ಯಾರಿಂದ ಕಲಿತರು ಅನ್ನೋದನ್ನು ಅವರ ಬಾಯಲ್ಲೇ ಹೇಳಿಸಿ. ಫೈಲಿನ ಹೆಸರು ಬದಲಾಗಬಹುದು, ಧ್ವನಿಯೊಳಗಿನ ಹೆಸರು ಉಳಿಯುತ್ತೆ. ಯೂಟ್ಯೂಬ್‌ಗೆ ಹಾಕೋ ಮುಂಚೆ ಅವರನ್ನು ಕೇಳಿ. ದೇವರ ಮುಂದೆ ಮಾತ್ರ ಹಾಡೋ ಪದಗಳು ಕೆಲವಿರ್ತವೆ, ಅವು ಮನೆಯಲ್ಲೇ ಇರಲಿ.

ಇನ್ನೂ ಗೊಂದಲ ಇದ್ರೆ ನನ್ನ ಸಲಹೆ ಇಷ್ಟೇ: ಒಂದು ಕಂಡೆನ್ಸರ್, ಎರಡು ಇನ್‌ಪುಟ್‌ನ ಇಂಟರ್‌ಫೇಸ್, ಗಿಡ್ಡ ಸ್ಟ್ಯಾಂಡ್, ಒಂದು ಕಂಬಳಿ. ಇಎಂಐ ಹಾಕಿ ದೊಡ್ಡ ಮೈಕ್ ತಗೊಳ್ಳೋಕೆ ಮುಂದಿನ ದೀಪಾವಳಿ ಸೇಲ್‌ವರೆಗೆ ಕಾಯೋ ಬದಲು, ಕೈಗೆಟುಕೋದನ್ನು ತಗೊಂಡು ಈ ಹಬ್ಬಕ್ಕೇ ಊರಿಗೆ ಹೋಗಿ. ಮೈಕ್ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತೆ.