ಚಿತ್ತಾ ನಕ್ಷತ್ರದ ನೇರ ಕೆಳಗೆ

ಎರಡನೆಯ ಶತಮಾನದಲ್ಲಿ ಟಾಲೆಮಿ ನಕ್ಷತ್ರವೆಂದೇ ಪಟ್ಟಿಮಾಡಿದ, 1603ರಲ್ಲಿ ಯೋಹಾನ್ ಬೇಯರ್ ತನ್ನ ನಕ್ಷತ್ರಪಟದಲ್ಲಿ ಒಮೇಗಾ ಎಂಬ ಗ್ರೀಕ್ ಅಕ್ಷರದಿಂದ ಗುರುತಿಸಿದ ಕಿನ್ನರ ಪುಂಜದ ಮಸುಕು ಚುಕ್ಕೆಯೊಂದು ಒಂಟಿ ನಕ್ಷತ್ರವಲ್ಲವೆಂಬುದನ್ನು 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ದಕ್ಷಿಣಾಕಾಶವನ್ನು ವೀಕ್ಷಿಸುತ್ತಿದ್ದ ಎಡ್ಮಂಡ್ ಹ್ಯಾಲಿ ಕಂಡುಕೊಂಡನು. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿರುವ ಈ ಒಮೇಗಾ ಸೆಂಟಾರಿ ಹತ್ತಿರ ಹತ್ತಿರ ಒಂದು ಕೋಟಿ ನಕ್ಷತ್ರಗಳು ಪರಸ್ಪರ ಗುರುತ್ವದಿಂದ ಬಂಧಿತವಾಗಿ ಚೆಂಡಿನಂತೆ ಒತ್ತೊತ್ತಾಗಿ ನೆರೆದಿರುವ ಗೋಳಗುಚ್ಛ. ಆಕಾಶಗಂಗೆಯಲ್ಲಿ ಇಂಥವು 150ಕ್ಕೂ ಹೆಚ್ಚಿದ್ದರೂ ಗಾತ್ರದಲ್ಲಿ ಇದನ್ನು ಮೀರಿಸುವುದು ಮತ್ತೊಂದಿಲ್ಲ.

ಯುರೋಪಿನ ಕೈಪಿಡಿಗಳು ಗೋಳಗುಚ್ಛವೆಂದೊಡನೆ ಹರ್ಕ್ಯುಲಿಸ್ ಪುಂಜದ ಎಂ-13ನ್ನು ಹೊಗಳುವುದು ಸಹಜ, ಏಕೆಂದರೆ ಲಂಡನ್ನಿನ ಕ್ಷಿತಿಜದ ಮೇಲೆ ಒಮೇಗಾ ಸೆಂಟಾರಿ ಎಂದೂ ಏಳುವುದೇ ಇಲ್ಲ. ಆ ಹೊಗಳಿಕೆಯನ್ನೇ ನಂಬಿ ನಮ್ಮ ಹವ್ಯಾಸಿಗಳೂ ಮೊದಲು ಉತ್ತರಕ್ಕೇ ದೂರದರ್ಶಕ ತಿರುಗಿಸುವುದು ಮಾತ್ರ ವಿಪರ್ಯಾಸ. ಬೆಂಗಳೂರಿನಿಂದ ಇದು ದಕ್ಷಿಣ ದಿಗಂತದ ಮೇಲೆ ಸುಮಾರು 29 ಡಿಗ್ರಿ ಎತ್ತರಕ್ಕೂ, ಬೀದರಿನಿಂದ ಸುಮಾರು 24 ಡಿಗ್ರಿಗೂ ಏರುತ್ತದೆ. ಹುಡುಕುವ ದಾರಿಯೂ ಸುಲಭ: ಪಂಚಾಂಗದಿಂದ ಪರಿಚಿತವಾದ ಚಿತ್ತಾ ನಕ್ಷತ್ರವೂ ಈ ಗುಚ್ಛವೂ ಬಹುತೇಕ ಒಂದೇ ಹೊತ್ತಿಗೆ ಮಧ್ಯಾಹ್ನರೇಖೆಯನ್ನು, ಅಂದರೆ ಆಕಾಶವನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳುವ ಕಲ್ಪಿತ ರೇಖೆಯನ್ನು, ದಾಟುವುದರಿಂದ, ಆಗ ಚಿತ್ತಾದಿಂದ ನೇರ ಕೆಳಗೆ 36 ಡಿಗ್ರಿ ಇಳಿದರೆ ಸಾಕು. ಕತ್ತಲಿರುವ ಊರಿನಲ್ಲಿ ಬರಿಗಣ್ಣಿಗೆ ಮಂಜು ಹಿಡಿದ ನಕ್ಷತ್ರದಂತೆ ತೋರುವ ಇದು ಬೈನಾಕ್ಯುಲರಿನಲ್ಲಿ ಹೊಳೆಯುವ ಹತ್ತಿಯುಂಡೆಯಾಗುತ್ತದೆ. ಆರು ಅಂಗುಲದ ದೂರದರ್ಶಕದಲ್ಲಿ ಆ ಹತ್ತಿ ರವೆರವೆಯಾಗಿ ಒಡೆದು ನಕ್ಷತ್ರಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಛಾಯಾಗ್ರಹಣದಲ್ಲಿ ಎದುರಾಗುವ ನಿಜವಾದ ತೊಡಕು ಮಸುಕಿನದಲ್ಲ, ಹೊಳಪಿನದು. ಅಂಚಿನ ಮಂದ ನಕ್ಷತ್ರಗಳಿಗಾಗಿ ಎಕ್ಸ್‌ಪೋಷರ್ ಹೆಚ್ಚಿಸಿದರೆ ದಟ್ಟವಾದ ನಡುಭಾಗ ಬೆಳ್ಳನೆಯ ಕಲೆಯಾಗಿ ಬಣ್ಣ ಕಳೆದುಕೊಳ್ಳುತ್ತದೆ, ನಡುಭಾಗವನ್ನು ಉಳಿಸಿಕೊಂಡರೆ ಅಂಚು ಅಳಿಸಿಹೋಗುತ್ತದೆ. ಆದ್ದರಿಂದ ಬಲ್ಲವರು ಹ್ರಸ್ವ ಮತ್ತು ದೀರ್ಘ ಅವಧಿಯ ಚಿತ್ರಗಳನ್ನು ಬೇರೆಬೇರೆಯಾಗಿ ತೆಗೆದು ಆಮೇಲೆ ಬೆಸೆಯುತ್ತಾರೆ. ಆಕಾಶ ಗಂಟೆಗೆ 15 ಡಿಗ್ರಿಯಂತೆ ತಿರುಗುವುದರಿಂದ ಕ್ಯಾಮೆರಾವನ್ನು ಅದೇ ವೇಗದಲ್ಲಿ ತಿರುಗಿಸುವ ಪೀಠ ಬೇಕು. ಒಂದೇ ಬಗೆಯ 16 ಚಿತ್ರಗಳನ್ನು ಸರಾಸರಿ ಮಾಡಿದರೆ ಸೆನ್ಸರಿನ ಕಾಳುಕಾಳಾದ ಗದ್ದಲ ಕಾಲು ಭಾಗಕ್ಕೆ ಇಳಿಯುತ್ತದೆ. ಇಷ್ಟು ತಗ್ಗಿನಲ್ಲಿರುವ ಕಾಯದ ಬೆಳಕು ನೆತ್ತಿಯ ಮೇಲಿನದಕ್ಕಿಂತ ಇಮ್ಮಡಿ ಗಾಳಿಯನ್ನು ಹಾದು ಬರುವುದರಿಂದ ವಾತಾವರಣದ ವಕ್ರೀಭವನ ನಕ್ಷತ್ರದ ಮೇಲಂಚಿಗೆ ನೀಲಿಯನ್ನೂ ಕೆಳಂಚಿಗೆ ಕೆಂಪನ್ನೂ ಬಳಿಯಬಲ್ಲುದು. ಗುಚ್ಛವು ಮಧ್ಯಾಹ್ನರೇಖೆಯಲ್ಲಿರುವಾಗಲೇ ಚಿತ್ರ ತೆಗೆಯಬೇಕೆನ್ನುವುದು ಇದಕ್ಕಾಗಿ.

ಇಷ್ಟೆಲ್ಲ ಶ್ರಮಕ್ಕೆ ಸಿಗುವ ಫಲವೇ ಬಣ್ಣ. ಕಿತ್ತಳೆ ಚುಕ್ಕೆಗಳು ಜಲಜನಕ ತೀರಿ ಉಬ್ಬಿದ ಕೆಂಪು ದೈತ್ಯಗಳಾದರೆ, ನೀಲಿ ಚುಕ್ಕೆಗಳಲ್ಲಿ ಹೆಚ್ಚಿನವು ಆ ಹಂತವನ್ನೂ ದಾಟಿ ಗರ್ಭದಲ್ಲಿ ಹೀಲಿಯಂ ಉರಿಸುತ್ತಿರುವ ಬಿಸಿ ನಕ್ಷತ್ರಗಳು. 2015ರಲ್ಲಿ ಉಡಾವಣೆಗೊಂಡ ಆಸ್ಟ್ರೋಸ್ಯಾಟ್ ಉಪಗ್ರಹದ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದ ನೇರಳಾತೀತ ದೂರದರ್ಶಕ ಗೋಳಗುಚ್ಛಗಳನ್ನು ನೋಡುವಾಗ ಕೆಂಪು ದೈತ್ಯಗಳು ಮರೆಯಾಗಿ ಈ ಬಿಸಿ ನಕ್ಷತ್ರಗಳೇ ಉಳಿಯುತ್ತವೆ. ಹಬಲ್ ದೂರದರ್ಶಕ ಎರಡು ದಶಕಗಳಲ್ಲಿ ತೆಗೆದ 500ಕ್ಕೂ ಹೆಚ್ಚು ಚಿತ್ರಗಳನ್ನು ಹೋಲಿಸಿದಾಗಲಂತೂ ಒಮೇಗಾ ಸೆಂಟಾರಿಯ ನಡುವೆ ಅತಿವೇಗದ ಏಳು ನಕ್ಷತ್ರಗಳು ಗೋಚರಿಸಿ, ಕನಿಷ್ಠ 8,200 ಸೂರ್ಯರಷ್ಟು ತೂಗುವ ಕಪ್ಪುಕುಳಿ ಅಲ್ಲಿದೆಯೆಂಬುದಕ್ಕೆ 2024ರಲ್ಲಿ ಬಲವಾದ ಪುರಾವೆ ದೊರೆಯಿತು.

ಮೇ ತಿಂಗಳ ಮಧ್ಯಭಾಗದಲ್ಲಿ ರಾತ್ರಿ ಹತ್ತೂಕಾಲರ ಸುಮಾರಿಗೆ ಗುಚ್ಛ ತನ್ನ ಗರಿಷ್ಠ ಎತ್ತರದಲ್ಲಿರುತ್ತದೆ. ನೋಡಬಯಸುವವರು ಮುಂಗಾರಿನ ಮೋಡ ಕವಿಯುವ ಮುನ್ನ, ಚಂದ್ರನಿಲ್ಲದ ರಾತ್ರಿಯನ್ನು ಆರಿಸಿಕೊಳ್ಳಬೇಕು.