ಹಸಿರು ಚುಕ್ಕೆ ಇದ್ದರೆ ಸಾಕೇ? ಹೊರಗಿನ ಊಟ ಮತ್ತು ನಮ್ಮ ಮಕ್ಕಳು



ಹಾಲಾಡಿ ಪೇಟೆಯಲ್ಲಿ ದಿನಸಿ ವ್ಯಾಪಾರ ಮಾಡಿಕೊಂಡು ಬಂದವನು ನಾನು. ಬಸದಿಯಲ್ಲಿ ಕಾರ್ಯಕ್ರಮ ಇದ್ದಾಗ ಅಡುಗೆಯ ಉಸ್ತುವಾರಿಗೆ ಸ್ವಯಂಸೇವಕನಾಗಿ ಹೋಗುತ್ತೇನೆ. ಮೂರು ವರ್ಷದ ಹಿಂದೆ ನನ್ನ ತಂಗಿಯ ಮಗಳು ಪಿಯುಸಿ ಮುಗಿಸಿ, ಅಡುಗೆ ಕಲಿಸುವ ಪದವಿಗೆ ಸೇರುತ್ತೇನೆ ಎಂದಳು. ಅಳಿಯಸಂತಾನದ ಮನೆತನ ನಮ್ಮದು. ಇಂಥ ವಿಷಯ ಕೊನೆಗೆ ಸೋದರಮಾವನ ಮುಂದೆ ಬಂದೇ ಬರುತ್ತದೆ. ಮನೆಯ ಹಿರಿಯರೆಲ್ಲ ಬೇಡ ಎಂದರು. ಜೈನರ ಹುಡುಗಿ ಹೋಟೆಲ್ ಅಡುಗೆ ಕಲಿಯುವುದೆಂದರೆ ಏನೇನು ಮುಟ್ಟಬೇಕೋ, ಏನೇನು ರುಚಿ ನೋಡಬೇಕೋ ಎಂಬ ಭಯ. ನನಗೂ ಭಯ ಇತ್ತು. ಆದರೂ ಹೋಗಲಿ ಎಂದೆ. ಅವಳಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಓದಿನ ವಿಷಯ

ಈ ಓದಿಗೆ ನಮ್ಮ ಜಿಲ್ಲೆ ಹೊಸದಲ್ಲ. ಮಣಿಪಾಲದ ವೆಲ್ಕಮ್‌ಗ್ರೂಪ್ ಹೋಟೆಲ್ ಆಡಳಿತ ಕಾಲೇಜಿಗೆ ಮೂರು ದಶಕಗಳಿಗೂ ಮೀರಿದ ಇತಿಹಾಸವಿದೆ. ಹೆಸರಾಂತ ಬಾಣಸಿಗ ವಿಕಾಸ್ ಖನ್ನಾ ಅಲ್ಲಿಯೇ ಓದಿದವರು. 2018ರಲ್ಲಿ ಅಲ್ಲಿ ಅಡುಗೆ ಪಾತ್ರೆ-ಪರಿಕರಗಳ ಒಂದು ವಸ್ತುಸಂಗ್ರಹಾಲಯವೂ ಶುರುವಾಯಿತು.

ಸಾಮಾನ್ಯವಾಗಿ ಈ ಪದವಿಗಳಲ್ಲಿ ಮೀನು, ಮಾಂಸದ ಪ್ರಾಯೋಗಿಕ ಪಾಠ ಇರುತ್ತದೆ. 2016ರಲ್ಲಿ ಅಹಮದಾಬಾದ್, ಭೋಪಾಲ್, ಜೈಪುರದ ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಸಸ್ಯಾಹಾರಿ ಅಡುಗೆಯನ್ನೇ ಆರಿಸಿಕೊಳ್ಳುವ ಅವಕಾಶ ಕೊಟ್ಟರು. ಬೇರೆ ಕಾಲೇಜಿಗೆ ಸೇರಿಸುವವರು ಪ್ರವೇಶಕ್ಕೆ ಮೊದಲೇ ಈ ವಿಷಯ ಬಾಯಿಬಿಟ್ಟು ಕೇಳಬೇಕು. ನಮ್ಮ ಹುಡುಗಿ ಅಧ್ಯಾಪಕರ ಹತ್ತಿರ ಮೊದಲ ವಾರವೇ ಹೇಳಿಕೊಂಡಳು. ಅವರು ಅವಳಿಗೆ ತರಕಾರಿ ಮತ್ತು ಬೇಕರಿ ವಿಭಾಗದ ಕೆಲಸ ಹೆಚ್ಚು ಕೊಟ್ಟರು.

ಒಂದು ರಾತ್ರಿಯ ಫೋನು

ಆದರೆ ತೊಂದರೆ ಬಂದದ್ದು ಕಾಲೇಜಿನ ಅಡುಗೆಮನೆಯಲ್ಲಲ್ಲ, ಹೊರಗಿನ ಊಟದಲ್ಲಿ. ಬೇರೆ ಬೇರೆ ದೇಶದ ಅಡುಗೆ ತಿಂದು ನೋಡುವುದು ಅವರ ಕಲಿಕೆಯ ಭಾಗ. ಎರಡನೇ ವರ್ಷದಲ್ಲಿ ಗೆಳತಿಯರ ಜೊತೆ ಒಂದು ಹೋಟೆಲಿಗೆ ಹೋಗಿ ತರಕಾರಿ ಹಾಕಿದ ಥಾಯ್ ಗ್ರೀನ್ ಕರಿ ತಿಂದಿದ್ದಾಳೆ. ಹೋಳುಗಳೆಲ್ಲ ತರಕಾರಿಯೇ. ತಿಂದ ಮೇಲೆ ಕೇಳಿದರೆ, ರುಬ್ಬಿದ ಮಸಾಲೆಯಲ್ಲಿ ಸೀಗಡಿ ಇತ್ತು. ರಾತ್ರಿ ಅಳುತ್ತಾ ಫೋನ್ ಮಾಡಿದಳು. "ಮಾವ, ಅಜ್ಜಿಗೆ ಹೇಳಬೇಡಿ" ಎಂದಳು.

ನಾನು ಬೈಯಲಿಲ್ಲ. ಆದರೆ ಅಜ್ಜಿಗೆ ನೀನೇ ಹೇಳು ಎಂದೆ. ಅಜ್ಜಿ ಕೇಳಿಸಿಕೊಂಡು, "ಗೊತ್ತಿಲ್ಲದೆ ಆದದ್ದು. ನಾಳೆ ಉಪವಾಸ ಮಾಡು, ಣಮೋಕಾರ ಹೇಳು. ಇನ್ನು ಮುಂದೆ ತಿನ್ನುವ ಮೊದಲು ಕೇಳು" ಎಂದರು. ಆ ಕೊನೆಯ ಮಾತೇ ಈ ಲೇಖನದ ಸಾರ.

ಕಣ್ಣಿಗೆ ಕಾಣದ್ದು

ಹೊರಗಿನ ಊಟದಲ್ಲಿ ಹೋಳು ನೋಡಿದರೆ ಸಾಲದು, ರಸ ಯಾವುದರದ್ದು ಎಂದು ಕೇಳಬೇಕು. ಅವಳು ಬರೆದುಕೊಟ್ಟ ಪಟ್ಟಿಯಿಂದ ಕೆಲವು:

- ಥಾಯ್ ಅಡುಗೆಯಲ್ಲಿ ಉಪ್ಪಿನ ಬದಲು ಮೀನಿನ ಸಾಸ್ ಹಾಕುವುದು ವಾಡಿಕೆ.
- ಜಪಾನಿನ ಸೂಪಿಗೆ ಮೂಲವಾದ ದಾಶಿ ಎಂಬ ಸಾರಿನಲ್ಲಿ ಸಾಮಾನ್ಯವಾಗಿ ಒಣಮೀನು ಇರುತ್ತದೆ.
- ಕೊರಿಯಾದ ಕಿಮ್ಚಿ ನೋಡಲು ಎಲೆಕೋಸಿನ ಉಪ್ಪಿನಕಾಯಿ. ಅದಕ್ಕೆ ಬಹಳ ಕಡೆ ಮೀನು, ಸೀಗಡಿಯ ರಸ ಸೇರಿಸುತ್ತಾರೆ.
- ಇಟಲಿಯ ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ.
- ಜೆಲ್ಲಿ, ಮಾರ್ಷ್‌ಮ್ಯಾಲೋಗಳಲ್ಲಿ ಜೆಲಟಿನ್ ಇರಬಹುದು. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬರುವಂಥದ್ದು.
- ಪಾಶ್ಚಾತ್ಯ ಸಾಸ್ ಮತ್ತು ಕೇಕುಗಳಲ್ಲಿ ವೈನ್, ರಮ್ ಇರಬಹುದು.

ಹಸಿರು ಚುಕ್ಕೆ ಏನು ಹೇಳುತ್ತದೆ?

ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ಸರ್ಕಾರದ ಸಸ್ಯಾಹಾರದ ಗುರುತು. ಮಾಂಸ, ಮೀನು, ಮೊಟ್ಟೆ, ಜೆಲಟಿನ್ ಇದ್ದರೆ ಅದನ್ನು ಹಾಕುವಂತಿಲ್ಲ. ಅಷ್ಟರ ಮಟ್ಟಿಗೆ ನಂಬಬಹುದು. ಆದರೆ ಅದು ಜೈನ ಆಹಾರದ ಗುರುತಲ್ಲ. ಜೇನುತುಪ್ಪ ಇದ್ದರೂ ಹಸಿರು ಚುಕ್ಕೆ ಬರುತ್ತದೆ. ನಮ್ಮ ಶ್ರಾವಕರ ಅಷ್ಟಮೂಲಗುಣದಲ್ಲಿ ಮದ್ಯ, ಮಾಂಸದ ಜೊತೆಗೆ ಮಧುವಿನ ತ್ಯಾಗವನ್ನೂ ಹೇಳಿದೆ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆಗೂ ಹಸಿರು ಚುಕ್ಕೆಯೇ. 2022ರಲ್ಲಿ ಬಂದ ವೀಗನ್ ನಿಯಮದಲ್ಲಿ ಹಾಲು, ಜೇನು ಎರಡೂ ಇಲ್ಲ, ಆದರೆ ಕಂದಮೂಲಕ್ಕೆ ಅಲ್ಲಿಯೂ ಅಡ್ಡಿ ಇಲ್ಲ.

ಇದರಲ್ಲಿ ನನ್ನ ತಪ್ಪೂ ಒಂದಿದೆ. ನಮ್ಮ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಿಡುವುದು ಪರ್ವದ ದಿನಗಳಲ್ಲಿ. ವರ್ಷವಿಡೀ ಬಿಟ್ಟವರೂ ನಮ್ಮಲ್ಲಿ ಇದ್ದಾರೆ. ಒಮ್ಮೆ ದಶಲಕ್ಷಣ ಪರ್ವದ ಊಟಕ್ಕೆ ನಾನೇ ಅಂಗಡಿಯಿಂದ ಮಸಾಲೆ ಪುಡಿಯ ಪ್ಯಾಕೆಟ್ ಒಯ್ದಿದ್ದೆ. ರಜೆಯಲ್ಲಿ ಬಂದಿದ್ದ ಇವಳು ಅದನ್ನು ತಿರುಗಿಸಿ ಓದಿ, "ಎಂತ ಮಾವ, ಬೆಳ್ಳುಳ್ಳಿ ಪುಡಿ ಅಂತ ಬರೆದಿದೆಯಲ್ಲ" ಎಂದಳು. ಇಷ್ಟು ವರ್ಷ ಮಾರಿದವನು ಒಂದು ದಿನವೂ ಹಿಂಬದಿ ಓದಿರಲಿಲ್ಲ. ಅವಳು ಈ ಓದಿಗೆ ಹೋಗದಿದ್ದರೆ ಆ ದಿನ ಎಲ್ಲರ ಎಲೆಗೂ ಅದು ಬೀಳುತ್ತಿತ್ತು.

ನಮ್ಮಂತೆ ಉಣ್ಣುವವರು ಬೇರೆಯೂ ಇದ್ದಾರೆ

ನಾನಾ ಊಟ ನೋಡಿದ್ದರಿಂದ ಅವಳಿಗೆ ತಿಳಿದ ಇನ್ನೊಂದು ವಿಷಯ ನನಗೆ ಸಂತೋಷ ತಂದಿತು. ಕೊರಿಯಾದ ಬೌದ್ಧ ದೇವಾಲಯಗಳ ಅಡುಗೆಯಲ್ಲಿ ಮಾಂಸವೂ ಇಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಜಪಾನಿನ ಬೌದ್ಧ ಮಠಗಳಲ್ಲಿ ಮೀನು ಬಿಟ್ಟು ಸಮುದ್ರದ ಸಸ್ಯದಿಂದ ಸಾರಿನ ರಸ ತೆಗೆಯುತ್ತಾರೆ. ನಮ್ಮ ಉಡುಪಿಯ ಮಠದ ಅಡುಗೆಯಲ್ಲೂ ಈರುಳ್ಳಿ, ಬೆಳ್ಳುಳ್ಳಿ ಇಲ್ಲವಲ್ಲ. ಹಾಗಾಗಿ ಹೊರಗೆ ಹೋದಾಗ "ನಮ್ಮದು ಬಹಳ ಕಷ್ಟ" ಎಂದು ನಮ್ಮ ಮಕ್ಕಳು ನಾಚಿಕೊಳ್ಳಬೇಕಾಗಿಲ್ಲ.

ಬದಲಿಗೆ ಏನು ಎಂಬುದನ್ನೂ ಅವಳು ಹೇಳಿಕೊಟ್ಟಿದ್ದಾಳೆ. ಈರುಳ್ಳಿಯ ಘಾಟು ಗಂಧಕದ ಅಂಶದಿಂದ ಬರುತ್ತದೆ. ಇಂಗಿನಲ್ಲೂ ಅದೇ ಅಂಶ ಇರುವುದರಿಂದ ಬಿಸಿ ತುಪ್ಪದಲ್ಲಿ ಚಿಟಿಕೆ ಇಂಗು ಹಾಕಿದರೆ ಆ ಪರಿಮಳ ಸಿಗುತ್ತದೆ. ಗ್ರೇವಿ ದಪ್ಪವಾಗಲು ಗೋಡಂಬಿ ಅಥವಾ ಸಿಹಿಗುಂಬಳ. ಬಟಾಟೆಯ ಜಾಗಕ್ಕೆ ಬಾಳೆಕಾಯಿ, ನಮ್ಮ ಕಡೆಯ ಜೀಗುಜ್ಜೆ.

ಹೆತ್ತವರಲ್ಲಿ ಒಂದು ವಿನಂತಿ

ಮಕ್ಕಳು ಓದಿಗೆ, ಕೆಲಸಕ್ಕೆ ಬೆಂಗಳೂರು, ವಿದೇಶ ಎಂದು ಹೋಗಿಯೇ ಹೋಗುತ್ತಾರೆ. ಹೊರಗೆ ತಿನ್ನಲೇಬೇಡ ಎಂದರೆ ತಿನ್ನುತ್ತಾರೆ, ಮನೆಯಲ್ಲಿ ಹೇಳುವುದಿಲ್ಲ ಅಷ್ಟೆ. ಅದರ ಬದಲು ಮೂರು ಪ್ರಶ್ನೆ ಕಲಿಸಿ ಕಳುಹಿಸಿ: ಇದರ ರಸ ಯಾವುದರದ್ದು? ಮೊಟ್ಟೆ, ಜೆಲಟಿನ್, ಮದ್ಯ ಇದೆಯೇ? ನಮಗೆ ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತೀರಾ? ಉತ್ತರ ಸರಿಯಾಗಿ ಸಿಗದಿದ್ದರೆ ಮೊಸರನ್ನ ತಿಂದು ಬರಲಿ.

ಗೊತ್ತಿಲ್ಲದೆ ತಪ್ಪಾದ ದಿನ ಅವರು ಮೊದಲು ಫೋನ್ ಮಾಡುವುದು ಮನೆಗೇ ಆಗಿರಲಿ. ನಮ್ಮ ಹುಡುಗಿ ಈ ವರ್ಷ ಓದು ಮುಗಿಸುತ್ತಾಳೆ. ಮುಂದಿನ ದಶಲಕ್ಷಣ ಪರ್ವದ ಅಡುಗೆಯ ಸಾಮಾನು ಪಟ್ಟಿಯನ್ನು ಅವಳೇ ಬರೆಯಲಿ ಎಂದು ಅಜ್ಜಿಯೇ ಹೇಳಿದ್ದಾರೆ.